ಇ-ರೀಡರ್ ಬ್ಯಾಟರಿ: ಚಾರ್ಜ್ ಎಣಿಸಬೇಡಿ, ಓದಿದ ಗಂಟೆ ಎಣಿಸಿ

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರದ ತೋಟದಲ್ಲಿ ನಮ್ಮ ಮನೆ. ನಾನು ನಿವೃತ್ತ ಮೇಷ್ಟ್ರು. 2019ರಲ್ಲಿ ಮಗಳು ಒಂದು ಆರಿಂಚಿನ ಇ-ರೀಡರ್ (ಇ-ಪುಸ್ತಕ ಓದುವ ಸಾಧನ) ಕೊಡಿಸಿದಳು. ದಿನಕ್ಕೆ ಒಂದು ಗಂಟೆ ಓದುತ್ತೇನೆ. ಒಂದು ಸಲ ಚಾರ್ಜ್ ಮಾಡಿದರೆ ಮೂರು ವಾರ ಬರುತ್ತಿತ್ತು. ಈ ಮಳೆಗಾಲದಲ್ಲಿ ಐದಾರು ದಿನಕ್ಕೇ ಖಾಲಿ ಆಗುತ್ತಿದೆ. ಮಳೆಯಲ್ಲಿ ಹೊರಗೆ ಕೆಲಸ ಇರುವುದಿಲ್ಲ, ಹಾಗಾಗಿ ಮೂರು ಗಂಟೆಯಾದರೂ ಓದುತ್ತೇನೆ ಅನ್ನುವುದು ನಿಜ. ಲಿಥಿಯಂ ಬ್ಯಾಟರಿಗೆ 500 ಚಾರ್ಜ್ ಮಾತ್ರ ಆಯುಸ್ಸು ಅಂತ ಯಾರೋ ಹೇಳಿದರು. ಅದಕ್ಕೆ ಪೂರ್ತಿ ಸೊನ್ನೆಗೆ ಇಳಿದ ಮೇಲೇ ಚಾರ್ಜ್‌ಗೆ ಹಾಕಿ, ರಾತ್ರಿಯಿಡೀ ಬಿಟ್ಟು ನೂರು ಮಾಡುತ್ತೇನೆ. ಬೂಷ್ಟು ಹಿಡಿಯದಿರಲಿ ಅಂತ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಬೇಸಿಗೆ ರಜೆಗೆ ಬಂದ ಮೊಮ್ಮಗ 120 ಹಳೆ ಕನ್ನಡ ಪುಸ್ತಕಗಳ ಪಿಡಿಎಫ್ ತುಂಬಿಸಿ ಕೊಟ್ಟಿದ್ದಾನೆ. ಈಗ ಬ್ಯಾಟರಿ ಬದಲಿಸಬೇಕಾ, ಹೊಸದೇ ತಗೊಳ್ಳಬೇಕಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ ಮೇಷ್ಟ್ರೇ. ಆದರೆ ರೀಡರನ್ನು ಅಟ್ಟದಿಂದ ಇವತ್ತೇ ಕೆಳಗಿಳಿಸಿ. ಮುಂದಿನದನ್ನು ಆಮೇಲೆ ಓದಿದರಾಯಿತು.

ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಮೊದಲು ದಿನಕ್ಕೆ ಒಂದು ಗಂಟೆ, ಮೂರು ವಾರ. ಅಂದರೆ 21 ಗಂಟೆ ಓದು. ಈಗ ದಿನಕ್ಕೆ ಮೂರು ಗಂಟೆ, ಆರು ದಿನ. ಅಂದರೆ 18 ಗಂಟೆ. ಇಪ್ಪತ್ತೊಂದು ಹೋಗಿ ಹದಿನೆಂಟು ಆಗಿದೆ, ಅಷ್ಟೇ ಅಲ್ವಾ? ಆರು ವರ್ಷದ ಬ್ಯಾಟರಿಗೆ ಇದು ಒಳ್ಳೆಯ ಲೆಕ್ಕವೇ. ಐದು ದಿನಕ್ಕೇ ಮುಗಿದರೂ 15 ಗಂಟೆ ಬಂದ ಹಾಗಾಯಿತು. ಅದರಲ್ಲೂ ಮೋಡ ಕವಿದ ದಿನಗಳಲ್ಲಿ ಪರದೆಯ ದೀಪ ಜಾಸ್ತಿ ಇಟ್ಟಿರುತ್ತೀರಿ. ಅದೂ ಸೇರಿ ತಿಂದಿರುತ್ತದೆ.

ವಾರದ ಲೆಕ್ಕ ಇಟ್ಟುಕೊಂಡೇ ಎಲ್ಲರೂ ಗಾಬರಿಯಾಗುವುದು. ಈ ಲೆಕ್ಕ ಕಲಿಸಿದ್ದು ಕಂಪನಿಗಳೇ. ಉದಾಹರಣೆಗೆ ಅಮೆಜಾನಿನ 2018ರ ಇ-ರೀಡರ್ ಕಿಂಡಲ್ ಪೇಪರ್‌ವೈಟ್‌ಗೆ 'ಆರು ವಾರ' ಎಂದು ಹೇಳಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳಿದ್ದವು. ದಿನಕ್ಕೆ ಅರ್ಧ ಗಂಟೆ ಓದು, ವೈಫೈ ಬಂದ್, ದೀಪ 24ರಲ್ಲಿ 13ಕ್ಕೆ. 42 ದಿನಕ್ಕೆ ಅರ್ಧರ್ಧ ಗಂಟೆ ಅಂದರೆ 21 ಗಂಟೆ. ನಿಮಗೆ ಮೊದಲು ಸಿಗುತ್ತಿದ್ದದ್ದೂ ಅಷ್ಟೇ. 2021ರ ಮಾದರಿಗೆ ಹತ್ತು ವಾರ ಎಂದರು, ಅದು 35 ಗಂಟೆ. ವಾರ ಎಂದಾಗ ದೊಡ್ಡದಾಗಿ ಕೇಳಿಸುತ್ತದೆ. ನಮ್ಮ ಕೆಲಸಕ್ಕೆ ಬರುವುದು ಗಂಟೆ. ಹಾಗಾಗಿ ಇನ್ನು ಮೇಲೆ ಗಂಟೆಯಲ್ಲೇ ಮಾತಾಡೋಣ.

ಈಗ ಆ 500ರ ಭಯಕ್ಕೆ ಬರುತ್ತೇನೆ. ನನ್ನ ರಿಪೇರಿ ಬೆಂಚಿಗೆ ಬರುವ ಹತ್ತು ಜನರಲ್ಲಿ ಏಳೆಂಟು ಜನ ಇದನ್ನೇ ಕೇಳುತ್ತಾರೆ.

500 ಅನ್ನುವುದು ಸುಳ್ಳಲ್ಲ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್‌ಗಳಿಗೆ 300ರಿಂದ 500 ಸೈಕಲ್ ಎಂದು ಹೇಳುವುದು ರೂಢಿ. ಆದರೆ ಅದರಲ್ಲಿ ಎರಡು ವಿಷಯ ಬಿಟ್ಟುಹೋಗುತ್ತವೆ. ಒಂದು, ಸೈಕಲ್ ಅಂದರೆ ಪಿನ್ ಚುಚ್ಚಿದ ಲೆಕ್ಕ ಅಲ್ಲ. ಬ್ಯಾಟರಿಯ ಪೂರ್ತಿ ಸಾಮರ್ಥ್ಯದಷ್ಟು ಕರೆಂಟ್ ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಒಂದು ಸೈಕಲ್. ಇವತ್ತು 80ರಿಂದ 30ಕ್ಕೆ ಇಳಿಸಿ ಮತ್ತೆ 80ಕ್ಕೆ ಏರಿಸಿದಿರಿ, ಅದು ಅರ್ಧ. ಇನ್ನೊಂದು ಸಲ ಹಾಗೇ ಮಾಡಿದರೆ ಒಂದು ಪೂರ್ತಿ ಆಯಿತು. ಹತ್ತು ಸಲ ಹತ್ತತ್ತು ತುಂಬಿದರೂ ಒಂದೇ. ಆದ್ದರಿಂದ ಸೊನ್ನೆಯಾಗುವ ತನಕ ಕಾದರೆ ಸೈಕಲ್ ಉಳಿಯುತ್ತದೆ ಅನ್ನುವುದು ಸರಿಯಲ್ಲ. ಎರಡನೆಯದು, 500 ಆದ ದಿನ ಬ್ಯಾಟರಿ ಸಾಯುವುದಿಲ್ಲ. ಹೊಸದರಲ್ಲಿ 100 ಹಿಡಿಯುತ್ತಿದ್ದದ್ದು ಸುಮಾರು 80 ಹಿಡಿಯುವ ಮಟ್ಟಕ್ಕೆ ಬರುತ್ತದೆ ಅಂತ ಅರ್ಥ. ಆಮೇಲೂ ಅದು ಕೆಲಸ ಮಾಡುತ್ತದೆ.

ಈಗ ನಿಮ್ಮದೇ ಲೆಕ್ಕ ಹಾಕಿ. ಮಳೆಯ ನಾಲ್ಕು ತಿಂಗಳು ದಿನಕ್ಕೆ ಮೂರು ಗಂಟೆ, ಉಳಿದ ಎಂಟು ತಿಂಗಳು ಒಂದು ಗಂಟೆ. ವರ್ಷಕ್ಕೆ ಹೆಚ್ಚುಕಮ್ಮಿ 600 ಗಂಟೆ. 21 ಗಂಟೆಗೆ ಒಂದು ಸೈಕಲ್ ಎಂದರೆ ವರ್ಷಕ್ಕೆ 30 ಸೈಕಲ್ ಕೂಡ ಆಗುವುದಿಲ್ಲ. 30 ಎಂದೇ ಇಟ್ಟುಕೊಂಡರೂ ಆರು ವರ್ಷಕ್ಕೆ 180. 500 ಮುಟ್ಟಲು ಹದಿನಾರು ವರ್ಷ ದಾಟಬೇಕು. ಫೋನ್ ಬೇರೆ ಕಥೆ. ದಿನಾ ಚಾರ್ಜ್ ಬೇಡುವ ಫೋನು ಒಂದೂವರೆ ವರ್ಷ ಆಗುವಷ್ಟರಲ್ಲಿ 500 ದಾಟಿರುತ್ತದೆ. ಫೋನಿನ ಭಯವನ್ನು ನಾವು ಸುಮ್ನೆ ರೀಡರ್‌ಗೂ ಅಂಟಿಸಿಕೊಂಡಿದ್ದೇವೆ.

ಹಾಗಾದರೆ ಇ-ರೀಡರ್ ಬ್ಯಾಟರಿಗಳು ಹಾಳಾಗುವುದು ಹೇಗೆ? ಹೆಚ್ಚಿನವು ಬಳಸಿ ಸವೆದು ಹೋಗುವುದಿಲ್ಲ. ಇಟ್ಟಲ್ಲೇ ಮುದಿಯಾಗುತ್ತವೆ.

ಲಿಥಿಯಂ ಬ್ಯಾಟರಿಯ ಒಂದು ಕಡೆ ಗ್ರಾಫೈಟ್ ಇರುತ್ತದೆ. ಚಾರ್ಜ್ ಆದಾಗ ಲಿಥಿಯಂ ಹೋಗಿ ಅದರ ಪದರಗಳ ನಡುವೆ ಕೂರುತ್ತದೆ. ಆ ಗ್ರಾಫೈಟಿನ ಮೈಮೇಲೆ ಮೊದಲ ಚಾರ್ಜ್‌ನಲ್ಲೇ ಒಂದು ತೆಳುವಾದ ಪೊರೆ ಕಟ್ಟುತ್ತದೆ. ಕಾಫಿ ಲೋಟದ ತಳದಲ್ಲಿ ಕರೆ ಕಟ್ಟುವ ಹಾಗೆ. ಆ ಪೊರೆ ಬೇಕೇ ಬೇಕು. ಅದಿಲ್ಲದಿದ್ದರೆ ಬ್ಯಾಟರಿಯೇ ನಿಲ್ಲುವುದಿಲ್ಲ. ಆದರೆ ಅದು ಅಲ್ಲಿಗೇ ನಿಲ್ಲದೆ ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತಾ ಹೋಗುತ್ತದೆ. ದಪ್ಪ ಆದಷ್ಟೂ ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿಹಾಕಿಕೊಂಡು ಕೆಲಸಕ್ಕೆ ಬಾರದೆ ಹೋಗುತ್ತದೆ. ನೀವು ಓದಿ, ಓದದೆ ಇರಿ, ಇದು ನಡೆಯುತ್ತಲೇ ಇರುತ್ತದೆ. ಇದನ್ನು ಜೋರು ಮಾಡುವವು ಎರಡು. ಒಂದು ಬಿಸಿ. ಇನ್ನೊಂದು ಬ್ಯಾಟರಿ ಸದಾ ತುಂಬಿಕೊಂಡು ಕೂತಿರುವುದು.

ಇದಕ್ಕೆ ಸಾಮಾನ್ಯವಾಗಿ ಕೊಡುವ ಅಂಕಿಗಳನ್ನು ಹೇಳುತ್ತೇನೆ. ಬ್ಯಾಟರಿಯನ್ನು ಮುಟ್ಟದೆ ಒಂದು ವರ್ಷ ಸುಮ್ಮನೆ ಇಟ್ಟರೆ ಎಷ್ಟು ಸಾಮರ್ಥ್ಯ ಉಳಿಯುತ್ತದೆ ಎಂಬ ಲೆಕ್ಕ ಇದು. 25 ಡಿಗ್ರಿಯಲ್ಲಿ, 40 ಶೇಕಡಾ ಚಾರ್ಜ್ ಇಟ್ಟರೆ ಸುಮಾರು 96 ಉಳಿಯುತ್ತದೆ. ಅದೇ 25 ಡಿಗ್ರಿಯಲ್ಲಿ ನೂರಕ್ಕೆ ನೂರು ತುಂಬಿಸಿ ಇಟ್ಟರೆ 80. ಬಿಸಿ 40 ಡಿಗ್ರಿಗೆ ಏರಿದರೆ, 40 ಶೇಕಡಾ ಇದ್ದದ್ದು 85ಕ್ಕೂ, ತುಂಬಿಸಿಟ್ಟದ್ದು 65ಕ್ಕೂ ಇಳಿಯುತ್ತದೆ. ಸೆಲ್‌ನಿಂದ ಸೆಲ್‌ಗೆ ಸ್ವಲ್ಪ ಆಚೀಚೆ ಆಗುತ್ತದೆ. ಆದರೂ ವ್ಯತ್ಯಾಸ ನೋಡಿ. ತುಂಬಿಸಿ, ಬಿಸಿ ಜಾಗದಲ್ಲಿ ಒಂದು ವರ್ಷ ಇಟ್ಟರೆ ಮೂರನೇ ಒಂದು ಭಾಗ ಹೋಯಿತು. ಅದೂ ಒಂದು ಪುಟವೂ ಓದದೆ!

ಕೊಡಗಿನಲ್ಲಿರುವ ನಮಗೆ ಈ ವಿಷಯದಲ್ಲಿ ಅದೃಷ್ಟವಿದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ವರ್ಷದ ಹೆಚ್ಚಿನ ಕಾಲ ಇಲ್ಲಿನ ಗಾಳಿ ಬ್ಯಾಟರಿಗೆ ಹೇಳಿ ಮಾಡಿಸಿದ್ದು. ರಾಯಚೂರಿನಲ್ಲೋ ಕಲಬುರಗಿಯಲ್ಲೋ ಇರುವ ರೀಡರ್‌ಗೆ ಸಿಗದ ತಂಪು ಇಲ್ಲಿ ಪುಕ್ಕಟೆ ಸಿಗುತ್ತದೆ. ಆ ತಂಪನ್ನು ಕೈಯಾರೆ ಕಳೆದುಕೊಳ್ಳುವ ಜಾಗ ಎಂದರೆ ಒಲೆಯ ಮೇಲಿನ ಅಟ್ಟ.

ಅಟ್ಟದಲ್ಲಿ ಯಾಕೆ ಇಡುತ್ತೀರಿ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಜೂನ್‌ನಿಂದ ಕಕ್ಕಡ ತಿಂಗಳು (ಆಗಸ್ಟ್ ನಡುವಿನ ತನಕ) ಮುಗಿಯುವವರೆಗೆ ಇಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಪುಸ್ತಕದ ಬೆನ್ನಿಗೂ ಬೂಷ್ಟು. ಒಣಗಬೇಕಾದ್ದೆಲ್ಲ ಒಲೆ ಕಡೆಗೇ ಹೋಗುತ್ತದೆ. ಬಟ್ಟೆಗೆ, ಬಿತ್ತನೆ ಬೀಜಕ್ಕೆ, ಮೆಣಸಿಗೆ ಅದು ಸರಿ. ಬ್ಯಾಟರಿಗೆ ಅಲ್ಲ.

ಕಳೆದ ವರ್ಷ ಸೋಮವಾರಪೇಟೆ ಕಡೆಯಿಂದ ಒಂದು ರೀಡರ್ ಬಂತು. ಅದೂ ಎರಡು ಮಳೆಗಾಲ ಅಟ್ಟದಲ್ಲೇ ಕಳೆದಿತ್ತು. ಹಿಂದಿನ ಮುಚ್ಚಳದ ಒಂದು ಅಂಚು ಉಗುರು ತೂರುವಷ್ಟು ಮೇಲೆದ್ದಿತ್ತು. ಚಾರ್ಜಿಂಗ್ ತೂತಿನ ಒಳಗೆ ಹೊಗೆಯ ಕರಿ ಜಿಡ್ಡು. ಮುಚ್ಚಳ ಬಿಡಿಸಿದಾಗ ಚಪ್ಪಟೆ ಇರಬೇಕಾದ ಬ್ಯಾಟರಿ ಪೂರಿಯ ಹಾಗೆ ಉಬ್ಬಿ, ಪರದೆಯನ್ನು ಒಳಗಿನಿಂದ ಒತ್ತುತ್ತಿತ್ತು. ಪರದೆಯ ಕೆಳಭಾಗದಲ್ಲಿ ಒಂದು ಗೆರೆ ಮೂಡಿ, ಅಲ್ಲಿ ಅಕ್ಷರಗಳು ಬರುತ್ತಿರಲಿಲ್ಲ. ಬ್ಯಾಟರಿ ಬದಲಿಸಬಹುದಿತ್ತು, ಆದರೆ ಪರದೆ ಹೋದ ಮೇಲೆ ಏನು ಮಾಡುವುದು? ಅವರ ಮುಖ ಸಣ್ಣದಾಯಿತು, ನನಗೂ ಬೇಜಾರಾಯಿತು. ಅದರಲ್ಲಿ ಅವರು ಓದುತ್ತಿದ್ದ ಪುಸ್ತಕ ಇನ್ನೂ ಅರ್ಧದಲ್ಲಿತ್ತು.

ನಿಮ್ಮ ರೀಡರನ್ನು ಈಗ ಮೇಜಿನ ಮೇಲೆ ಮಲಗಿಸಿ ನೋಡಿ. ಅಲ್ಲಾಡದೆ ಸಮನಾಗಿ ಕೂತರೆ ಒಳ್ಳೆಯದು. ಹಿಂಭಾಗ ಉಬ್ಬಿದ ಹಾಗಿದ್ದರೆ, ಅಂಚು ಬಿಟ್ಟುಕೊಂಡಿದ್ದರೆ, ಚಾರ್ಜ್ ಹಾಕಲೇಬೇಡಿ. ಒತ್ತಿ ಕೂರಿಸಲು ಹೋಗಬೇಡಿ, ಸೂಜಿಯಿಂದ ಚುಚ್ಚಿ ತೂತು ಮಾಡಬೇಡಿ. ಉಬ್ಬಿರುವುದು ಒಳಗಿನ ಗ್ಯಾಸಿನಿಂದ. ಚುಚ್ಚಿದರೆ ಬೆಂಕಿ ಹತ್ತಬಹುದು. ಹತ್ತಿರ ಸೀಮೆಎಣ್ಣೆ, ಸೌದೆ ಯಾವುದೂ ಇಲ್ಲದ ಜಾಗದಲ್ಲಿ ಇಟ್ಟು ರಿಪೇರಿಯವರಿಗೆ ತಲುಪಿಸಿ.

ಇನ್ನು ಸೊನ್ನೆಗೆ ಇಳಿಸುವ ಅಭ್ಯಾಸ. ಇದು ಹಳೆ ಕಾಲದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯಿಂದ ಬಂದ ಬುದ್ಧಿವಾದ. ಅವುಗಳಲ್ಲಿ ಪೂರ್ತಿ ಖಾಲಿ ಮಾಡದೆ ಮತ್ತೆ ಮತ್ತೆ ತುಂಬಿದರೆ ಸಾಮರ್ಥ್ಯ ಕುಗ್ಗುವ ತೊಂದರೆ ಇತ್ತು. 'ಮೆಮೊರಿ' ಅನ್ನುತ್ತಿದ್ದರು. ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ಕಂಡುಹಿಡಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ನಿಮ್ಮ ರೀಡರ್ ಕೊಂಡ ವರ್ಷವೇ. ಈ ಬ್ಯಾಟರಿಗೆ ಆ ಮೆಮೊರಿ ತೊಂದರೆ ಇಲ್ಲ. ಇದಕ್ಕೆ ಸೊನ್ನೆ ಅಂದರೇ ಆಗದು.

ಪರದೆ ಸೊನ್ನೆ ತೋರಿಸಿದಾಗ ಬ್ಯಾಟರಿ ನಿಜವಾಗಿ ಖಾಲಿ ಆಗಿರುವುದಿಲ್ಲ. ತುಂಬಿದಾಗ ಈ ಸೆಲ್ 4.2 ವೋಲ್ಟ್ ಇರುತ್ತದೆ. ಮೂರು ವೋಲ್ಟ್ ಚಿಲ್ಲರೆಗೆ ಇಳಿದಾಗ ರೀಡರ್ ತಾನಾಗಿಯೇ ಆಫ್ ಆಗುತ್ತದೆ. ತಳದಲ್ಲಿ ಸ್ವಲ್ಪ ಉಳಿಸಿಕೊಂಡಿರುತ್ತದೆ. ಅವತ್ತೇ ಚಾರ್ಜ್ ಹಾಕಿದರೆ ಏನೂ ದೊಡ್ಡ ನಷ್ಟವಿಲ್ಲ. ತೊಂದರೆ ಬರುವುದು ಹಾಗೇ ಬಿಟ್ಟಾಗ. ಒಳಗಿನ ಗಡಿಯಾರ, ಕಾವಲು ಸರ್ಕ್ಯೂಟು ಆ ಉಳಿದದ್ದನ್ನೂ ಹನಿ ಹನಿಯಾಗಿ ಹೀರುತ್ತವೆ. ವೋಲ್ಟೇಜು ಎರಡೂವರೆಗಿಂತಲೂ ಬಹಳ ಕೆಳಗೆ ಹೋಗಿ ಅಲ್ಲೇ ಕೂತರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಆಮೇಲೆ ಕಾವಲು ಸರ್ಕ್ಯೂಟು ಚಾರ್ಜ್ ಒಳಗೆ ಬಿಡುವುದಿಲ್ಲ. ಬಿಡದಿರುವುದೇ ನಮಗೆ ಕ್ಷೇಮ.

ನಮ್ಮಲ್ಲಿ ಇದು ಒಂದು ನಿರ್ದಿಷ್ಟ ರೀತಿಯಲ್ಲಿ ಆಗುತ್ತದೆ. ಮಳೆ ಶುರುವಾಗುವ ಹೊತ್ತಿಗೆ ಹಿರಿಯರು ಮಕ್ಕಳ ಮನೆಗೆ ಬೆಂಗಳೂರಿಗೋ ಮೈಸೂರಿಗೋ ಹೋಗುತ್ತಾರೆ. ಅವಸರದಲ್ಲಿ ರೀಡರ್ ಮನೆಯಲ್ಲೇ ಉಳಿಯುತ್ತದೆ, ಐದೋ ಹತ್ತೋ ಶೇಕಡಾ ಚಾರ್ಜಿನಲ್ಲಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ವಾಪಸ್ ಬಂದು ನೋಡಿದರೆ ಅಲುಗಾಡುವುದಿಲ್ಲ. ನಿಮಗೂ ಹೀಗಾದರೆ ಕೂಡಲೇ ಸತ್ತಿತು ಅಂದುಕೊಳ್ಳಬೇಡಿ. ಸಾಧಾರಣ ಚಾರ್ಜರಿಗೆ ಹಾಕಿ ನಾಲ್ಕೈದು ಗಂಟೆ ಬಿಡಿ, ಮನೆಯಲ್ಲಿ ಜನ ಇರುವ ಹೊತ್ತಿನಲ್ಲಿ. ತೀರಾ ಕೆಳಗೆ ಹೋಗಿರದಿದ್ದರೆ ನಿಧಾನಕ್ಕೆ ಎದ್ದು ಕೂರುತ್ತದೆ. ಏಳದಿದ್ದರೆ ಬ್ಯಾಟರಿ ಬದಲಿಸಬೇಕು. ಬೇರೆ ಬ್ಯಾಟರಿಯಿಂದ ತಂತಿ ಎಳೆದು ಎಬ್ಬಿಸುವ ಉಪಾಯಗಳನ್ನು ಮಾತ್ರ ಮಾಡಬೇಡಿ. ತಿಂಗಳುಗಟ್ಟಲೆ ಊರು ಬಿಡುವುದಿದ್ದರೆ 50ರ ಹತ್ತಿರ ಚಾರ್ಜ್ ಇಟ್ಟು, ಸ್ಲೀಪ್‌ನಲ್ಲಿ ಬಿಡದೆ ಪೂರ್ತಿ ಆಫ್ ಮಾಡಿ ಹೋಗಿ. ಎರಡು ಮೂರು ತಿಂಗಳಿಗೊಮ್ಮೆ ಯಾರಾದರೂ ನೋಡಿದರೆ ಸಾಕು.

ಈಗ ನಿಮ್ಮ ಪರೀಕ್ಷೆ. ಒಂದು ರಾತ್ರಿ, ಎರಡು ಗಂಟೆ. ಅಷ್ಟು ಸಾಕು.

ಮಲಗುವ ಮುಂಚೆ ಏರ್‌ಪ್ಲೇನ್ ಮೋಡ್ ಹಾಕಿ. ಶೇಕಡಾ ಎಷ್ಟಿದೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಮುಚ್ಚಳ ಮುಚ್ಚಿ ಮಲಗಿ. ಬೆಳಿಗ್ಗೆ ಮತ್ತೆ ನೋಡಿ. ಒಂದು ಇಳಿದಿರಬಹುದು, ಇಳಿಯದೆಯೂ ಇರಬಹುದು. ಐದಾರು ಇಳಿದಿದ್ದರೆ ನೀವು ನಿದ್ದೆ ಮಾಡಿದ್ದೀರಿ, ರೀಡರ್ ಮಾಡಿಲ್ಲ. ಒಳಗೆ ಏನೋ ಓಡುತ್ತಿದೆ.

ಹಾಗಿದ್ದರೆ ನನ್ನ ಅನುಮಾನ ಮೊಮ್ಮಗ ತುಂಬಿಸಿದ 120 ಪಿಡಿಎಫ್‌ಗಳ ಮೇಲೆ. ಹುಡುಗನ ತಪ್ಪಲ್ಲ. ಪ್ರೀತಿಯಿಂದ ಮಾಡಿದ ಕೆಲಸ. ಹೊಸ ಪುಸ್ತಕ ಬಂದಾಗ ರೀಡರ್ ಅದನ್ನು ಒಳಗೊಳಗೇ ಓದಿ, ಆಮೇಲೆ ಹುಡುಕಲು ಬರುವ ಹಾಗೆ ಪದಗಳ ಪಟ್ಟಿ ಮಾಡಿಕೊಳ್ಳುತ್ತದೆ. ಇದನ್ನು ಇಂಡೆಕ್ಸಿಂಗ್ ಅನ್ನುತ್ತಾರೆ. ಒಂದೆರಡು ಪುಸ್ತಕವಾದರೆ ಗೊತ್ತೇ ಆಗುವುದಿಲ್ಲ. ಒಟ್ಟಿಗೆ ನೂರಿಪ್ಪತ್ತು ಸುರಿದರೆ ಪ್ರೊಸೆಸರ್ ಬಹಳ ಹೊತ್ತು ಎಚ್ಚರವಾಗಿಯೇ ಇರಬೇಕಾಗುತ್ತದೆ. ನಡುವೆ ಒಂದು ಫೈಲ್ ಕೆಟ್ಟಿದ್ದರೆ ಅಲ್ಲೇ ಸಿಕ್ಕಿಕೊಂಡು ದಿನಗಟ್ಟಲೆ ಅದನ್ನೇ ಜಗಿಯುತ್ತದೆ. ಮೊದಲು ರೀಡರನ್ನು ಒಮ್ಮೆ ರಿಸ್ಟಾರ್ಟ್ ಮಾಡಿ, ಚಾರ್ಜ್‌ಗೆ ಹಾಕಿ ಒಂದು ಹಗಲು ಬಿಟ್ಟುನೋಡಿ. ಆಮೇಲೂ ರಾತ್ರಿಯ ಇಳಿತ ನಿಲ್ಲದಿದ್ದರೆ ಅರ್ಧ ಪುಸ್ತಕಗಳನ್ನು ಕಂಪ್ಯೂಟರಿಗೆ ಎತ್ತಿಟ್ಟು ನೋಡಿ. ನಿಂತರೆ ಕೆಟ್ಟದ್ದು ಆ ಅರ್ಧದಲ್ಲಿದೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಬಂದರೆ ಏಳು ಸಲದಲ್ಲಿ ಆ ಒಂದು ಫೈಲ್ ಸಿಕ್ಕೇ ಸಿಗುತ್ತದೆ.

ಪಿಡಿಎಫ್ ಬಗ್ಗೆ ಇನ್ನೊಂದು ಮಾತು. ಕನ್ನಡ ಓದುಗರಿಗೆ ಇದು ಮುಖ್ಯ. ಹಳೆ ಕನ್ನಡ ಪುಸ್ತಕಗಳ ಪಿಡಿಎಫ್ ಹೆಚ್ಚಿನವು ಸ್ಕ್ಯಾನ್ ಮಾಡಿದ್ದು. ಅಂದರೆ ಪ್ರತಿ ಪುಟವೂ ಒಂದು ಫೋಟೋ. ಇ-ಇಂಕ್ ಪರದೆಯ ಗುಟ್ಟೇನು ಅಂದರೆ, ಪುಟ ಒಮ್ಮೆ ಮೂಡಿದ ಮೇಲೆ ಅದು ನಿಂತಿರಲು ಕರೆಂಟ್ ಬೇಡ. ಒಳಗೆ ಕೂದಲೆಳೆ ದಪ್ಪದ ಸಣ್ಣ ಸಣ್ಣ ಗುಳಿಗೆಗಳಿವೆ. ಅದರಲ್ಲಿ ಬಿಳಿ ಕಣ, ಕಪ್ಪು ಕಣ. ಪುಟ ತಿರುಗಿಸಿದಾಗ ಮಾತ್ರ ಅವು ಮೇಲೆ ಕೆಳಗೆ ಓಡಾಡುತ್ತವೆ. ಆಮೇಲೆ ಇದ್ದಲ್ಲೇ ಇರುತ್ತವೆ. ನೀವು ಒಂದೇ ಪುಟ ಹತ್ತು ನಿಮಿಷ ನೋಡುತ್ತಾ ಕೂತರೂ ಅಕ್ಷರಗಳ ಖರ್ಚು ಇಲ್ಲ, ದೀಪದ ಖರ್ಚು ಮಾತ್ರ. ಆದರೆ ಸ್ಕ್ಯಾನ್ ಪುಟಕ್ಕೆ ಪ್ರತಿ ಸಲವೂ ದೊಡ್ಡ ಚಿತ್ರ ಬಿಚ್ಚಬೇಕು, ಕುಗ್ಗಿಸಬೇಕು. ಆರಿಂಚಿನಲ್ಲಿ ಅಕ್ಷರ ಸಣ್ಣದಾಗಿ ಕಾಣುತ್ತದೆ ಅಂತ ನೀವು ಹಿಗ್ಗಿಸುತ್ತೀರಿ, ಪಕ್ಕಕ್ಕೆ ಸರಿಸುತ್ತೀರಿ. ಪ್ರತಿ ಸಲವೂ ಪರದೆ ಮತ್ತೆ ಬರೆಯಬೇಕು. ಅದೇ ಪುಸ್ತಕ ಫೋಟೋ ಅಲ್ಲದೆ ಯೂನಿಕೋಡ್ ಅಕ್ಷರಗಳೇ ಇರುವ ಇಪಬ್ ಅನ್ನುವ ಇ-ಪುಸ್ತಕ ಫೈಲಿನಲ್ಲಿ ಸಿಕ್ಕಿದರೆ ಅದನ್ನೇ ಓದಿ. ಬ್ಯಾಟರಿಗೂ ಹಗುರ, ಕಣ್ಣಿಗೂ ಹಗುರ. ಸಿಗದಿದ್ದರೆ ಚಿಂತೆ ಬೇಡ, ಪಿಡಿಎಫ್ ಓದಿ. ಓದುವುದಕ್ಕೇ ತಾನೇ ಬ್ಯಾಟರಿ ಇರುವುದು.

ಎರಡನೇ ಪರೀಕ್ಷೆ ಓದಿನದು. ಏರ್‌ಪ್ಲೇನ್ ಮೋಡ್ ಇರಲಿ. ದೀಪ ಅರ್ಧಕ್ಕೆ ಇಡಿ, ತಾನಾಗಿ ಬದಲಾಗುವ ಆಟೊ ದೀಪ ಇದ್ದರೆ ಆಫ್ ಮಾಡಿ. ಪಿಡಿಎಫ್ ಅಲ್ಲದ ಒಂದು ಮಾಮೂಲಿ ಇ-ಪುಸ್ತಕ ತೆಗೆದು ಎರಡು ಗಂಟೆ ಓದಿ. ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಿದೆ ನೋಡಿ. 21 ಗಂಟೆಯ ಬ್ಯಾಟರಿ ಗಂಟೆಗೆ ಐದರ ಹತ್ತಿರ ಇಳಿಯಬೇಕು. ಎರಡು ಗಂಟೆಗೆ ಹತ್ತು. ಹತ್ತರಿಂದ ಹದಿಮೂರು ಇಳಿದರೆ ನಿಮ್ಮ ಬ್ಯಾಟರಿ ಗಟ್ಟಿಯಾಗಿದೆ, ಬದಲಿಸುವ ಮಾತೇ ಬೇಡ. ಇಪ್ಪತ್ತು ಇಳಿದರೆ ಅರ್ಧ ಸಾಮರ್ಥ್ಯ ಹೋಗಿದೆ. ಆದರೂ ಹತ್ತು ಗಂಟೆ ಓದಬಹುದಲ್ಲ? ನಾನಾದರೆ ಅಲ್ಲಿಯೂ ಬದಲಿಸುವುದಿಲ್ಲ. ಮೂವತ್ತು ನಲವತ್ತು ಇಳಿದರೆ, ಅಥವಾ 40 ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಆಫ್ ಆದರೆ, ಆಗ ಬದಲಿಸುವ ಯೋಚನೆ ಮಾಡೋಣ.

ಶೇಕಡಾ ಅಂಕಿ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಅದು ಅಳತೆಯಲ್ಲ, ಅಂದಾಜು. ಅಂಕಿ ಹುಚ್ಚುಚ್ಚಾಗಿ ಜಿಗಿಯುತ್ತಿದ್ದರೆ ಒಮ್ಮೆ ಐದರ ತನಕ ಇಳಿಸಿ, ನಡುವೆ ಬಿಡಿಸದೆ ನೂರಕ್ಕೆ ಏರಿಸಿ. ಅಂದಾಜು ಸರಿಹೋಗುತ್ತದೆ. ಇದು ಬ್ಯಾಟರಿಗೆ ಔಷಧಿಯಲ್ಲ, ಅಂಕಿಗೆ ಮಾತ್ರ. ದಿನಾ ಮಾಡುವ ಅಗತ್ಯವಿಲ್ಲ.

ವೈಫೈ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ಕರೆಂಟ್ ಹೋಗುವ ಊರಿನಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋಯಿತು. ಮನೆಯ ರೂಟರ್ ಆಫ್. ಆದರೆ ರೀಡರಿನಲ್ಲಿ ವೈಫೈ ಆನ್. ನೀವು ಓದುತ್ತಿರುವಷ್ಟು ಹೊತ್ತೂ ಅದು ಇಲ್ಲದ ರೂಟರನ್ನು ಹುಡುಕುತ್ತಲೇ ಇರುತ್ತದೆ. ಕರೆಂಟ್ ಇಲ್ಲದ ದಿನವೇ ಬ್ಯಾಟರಿ ಬೇಗ ಖಾಲಿಯಾಗುತ್ತದೆ ಅಂತ ನಿಮಗೆ ಅನಿಸಿದ್ದರೆ ಕಾರಣ ಇದೇ ಇರಬಹುದು. ಪುಸ್ತಕ ಇಳಿಸಿಕೊಳ್ಳುವಾಗ ಮಾತ್ರ ವೈಫೈ ಹಾಕಿ. ಉಳಿದಂತೆ ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ.

ಹಾಗಾದರೆ ಚಾರ್ಜ್ ಹಾಕುವುದು ಯಾವಾಗ? 20ರ ಆಸುಪಾಸಿಗೆ ಬಂದಾಗ ಹಾಕಿ, 80-85 ಆದಾಗ ತೆಗೆಯಿರಿ. ಮರೆತು ನೂರಾದರೆ ಪ್ರಳಯವೇನೂ ಆಗುವುದಿಲ್ಲ. ರಾತ್ರಿಯಿಡೀ ಬಿಟ್ಟರೂ ತುಂಬಿದ ಮೇಲೆ ಅದು ತಾನಾಗಿ ನಿಲ್ಲಿಸುತ್ತದೆ. ನೂರಕ್ಕೆ ತುಂಬಿಸಿ ವಾರಗಟ್ಟಲೆ ಮುಟ್ಟದೆ ಇಡುವುದು, ಚಾರ್ಜರ್ ಚುಚ್ಚಿಯೇ ಇಡುವುದು, ಇವು ಬೇಡ. ತುಂಬಿಸಿ ಅವತ್ತಿನಿಂದಲೇ ಓದಲು ಶುರು ಮಾಡಿದರೆ ನೂರು ಮಾಡುವುದರಲ್ಲಿ ತಪ್ಪಿಲ್ಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ನಾನಂತೂ ನೂರೇ ಮಾಡುತ್ತೇನೆ.

2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡ ನಮಗೆ ಕರೆಂಟ್ ಇಲ್ಲದ ದಿನಗಳ ಭಯ ಸುಲಭಕ್ಕೆ ಹೋಗುವುದಿಲ್ಲ. ಆದರೆ ರೀಡರ್ ವಿಷಯದಲ್ಲಿ ಆ ಭಯ ಬೇಡ. ಅದಕ್ಕೆ ಬೇಕಾದ ಕರೆಂಟ್ ಅಷ್ಟು ಕಡಿಮೆ. 1,500 ಮಿಲಿ ಆಂಪಿಯರ್ ಅವರ್ ಬ್ಯಾಟರಿ ಅಂದರೆ ಐದೂವರೆ ವಾಟ್ ಅವರ್. ಚಾರ್ಜರಿನಲ್ಲಿ ಸೋರಿಹೋಗುವುದನ್ನೂ ಸೇರಿಸಿ ಎಂಟು ಎಂದುಕೊಳ್ಳಿ. ಒಂದು ಯೂನಿಟ್ ಕರೆಂಟಿನಲ್ಲಿ 125 ಸಲ ತುಂಬಬಹುದು. 10,000ದ ಒಂದು ಸಾಧಾರಣ ಪವರ್ ಬ್ಯಾಂಕಿನಲ್ಲಿ 37 ವಾಟ್ ಅವರ್ ಇರುತ್ತದೆ. ನಷ್ಟ ಕಳೆದರೂ ರೀಡರನ್ನು ನಾಲ್ಕು ಸಲ ತುಂಬುತ್ತದೆ. ದಿನಕ್ಕೆ ಮೂರು ಗಂಟೆಯಂತೆ ತಿಂಗಳ ಹತ್ತಿರ ಓದಬಹುದು. ಆದರೂ ಅಂಥ ದಿನ ಬಂದರೆ ಪವರ್ ಬ್ಯಾಂಕ್ ಮೊದಲು ಫೋನಿಗೆ ಇರಲಿ. ಇನ್ನೊಂದು, ಕೆಲವು ಪವರ್ ಬ್ಯಾಂಕ್‌ಗಳು ರೀಡರ್ ಎಳೆಯುವ ಕರೆಂಟ್ ತೀರಾ ಕಡಿಮೆ ಅನಿಸಿ, ಏನೂ ಚುಚ್ಚಿಲ್ಲ ಅಂದುಕೊಂಡು ನಡುವೆ ಆಫ್ ಆಗುತ್ತವೆ. ರೀಡರ್ ಕೆಟ್ಟಿಲ್ಲ. ಬಟನ್ ಮತ್ತೆ ಒತ್ತಿ.

ಫೋನಿನ 33 ವಾಟ್ ಚಾರ್ಜರ್ ಹಾಕಬಹುದಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಒಳ್ಳೆಯ ಚಾರ್ಜರ್ ಆದರೆ ಹಾಕಬಹುದು. ಎಷ್ಟು ಬೇಕೋ ಅಷ್ಟನ್ನು ರೀಡರೇ ಎಳೆದುಕೊಳ್ಳುತ್ತದೆ, ಚಾರ್ಜರ್ ಬಲವಂತವಾಗಿ ತುರುಕುವುದಿಲ್ಲ. ಬೇಸಿಗೆ ಕೊನೆಯ ಗುಡುಗು ಮಳೆಯಲ್ಲಿ ಮಾತ್ರ ಚಾರ್ಜರನ್ನು ಗೋಡೆಯಿಂದಲೇ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಿಡಿಲಿಗೆ ಸಾಲದು.

ಬ್ಯಾಟರಿ ಬದಲಿಸುವ ದಿನ ಬಂದರೆ ಮೂರು ಮಾತು ನೆನಪಿಡಿ. ಹಳೆಯ ಸ್ಟಾಕ್ ಬೇಡ. ಅಂಗಡಿಯ ಕಪಾಟಿನಲ್ಲಿ ನಾಲ್ಕು ವರ್ಷ ಕೂತ 'ಹೊಸ' ಬ್ಯಾಟರಿಯೂ ನಾಲ್ಕು ವರ್ಷ ಮುದಿಯಾಗಿರುತ್ತದೆ. ಬ್ಯಾಟರಿಯ ಮೇಲೆ ತಯಾರಾದ ತಾರೀಖು ಇದ್ದರೆ ನೋಡಿಯೇ ತಗೊಳ್ಳಿ. ಮಾದರಿ ಸಂಖ್ಯೆ ಪೂರ್ತಿ ಹೊಂದಬೇಕು, ಅಳತೆ ಒಂದೇ ಆದರೆ ಸಾಲದು. ಆಮೇಲೆ, ಮನೆಯಲ್ಲೇ ಚಾಕು ತೂರಿಸಿ ಬಿಚ್ಚಲು ಹೋಗಬೇಡಿ. ಹೆಚ್ಚಿನ ರೀಡರ್‌ಗಳ ಪರದೆಯ ಹಿಂದೆ ಇರುವುದು ತೆಳುವಾದ ಗಾಜು. ಲೋಹದ ತುದಿ ತಾಗಿದರೆ ಚಿಟ್ ಅಂತ ಸೀಳುತ್ತದೆ. ನೀರು ತಡೆಯುವ ಮಾದರಿಯಾದರೆ ಒಮ್ಮೆ ಬಿಚ್ಚಿದ ಮೇಲೆ ಆ ಸೀಲ್ ಮೊದಲಿನ ಹಾಗೆ ಕೂರುತ್ತದೆ ಎಂಬ ಭರವಸೆ ಇಲ್ಲ. ಇಲ್ಲಿನ ಮಳೆಯಲ್ಲಿ ಇದು ಸಣ್ಣ ವಿಷಯವಲ್ಲ. ತೆಗೆದ ಹಳೆ ಬ್ಯಾಟರಿ ಕಸದ ಗುಂಡಿಗೂ ಒಲೆಗೂ ಹೋಗಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ತಗೊಳ್ಳುವ ಹೊಣೆ ತಯಾರಿಸಿದವರದು. ಬದಲಿಸಿದ ಕಡೆಯೇ ಕೊಟ್ಟು ಬನ್ನಿ.

ಕೊನೆಗೆ ಬೂಷ್ಟು. ಅಟ್ಟದಿಂದ ಇಳಿಸಿ ಅಂದೆ, ಇನ್ನೆಲ್ಲಿ ಇಡುವುದು ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಗಟ್ಟಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಅದರಲ್ಲಿ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾಗುವಂಥದ್ದು ಸಿಕ್ಕರೆ ಒಳ್ಳೆಯದು. ಓದಿ ಮುಗಿದ ಮೇಲೆ ರೀಡರನ್ನು ಅದರಲ್ಲಿಟ್ಟು, ಮನೆಯ ಒಳಕೋಣೆಯ ಕಪಾಟಿನಲ್ಲಿಡಿ. ಅಕ್ಕಿ ಡಬ್ಬಿ ಬೇಡ. ಅಕ್ಕಿ ಅಷ್ಟೇನೂ ತೇವ ಎಳೆಯುವುದಿಲ್ಲ, ಅದರ ಹುಡಿ ಮಾತ್ರ ಚಾರ್ಜಿಂಗ್ ತೂತಿಗೆ ಹೋಗಿ ಕೂರುತ್ತದೆ. ಚರ್ಮದ ಕವರ್ ಇದ್ದರೆ ಮಳೆ ಮುಗಿಯುವ ತನಕ ಬಿಚ್ಚಿಡಿ, ಬೂಷ್ಟು ಮೊದಲು ಹಿಡಿಯುವುದು ಅದಕ್ಕೇ. ಚಾರ್ಜ್ ಹಾಕುವ ಮುಂಚೆ ತೂತಿನ ಕಡೆ ಒಮ್ಮೆ ನೋಡಿ. ತೇವ ಕಂಡರೆ ಫ್ಯಾನಿನ ಗಾಳಿಗೆ ಒಂದು ರಾತ್ರಿ ಇಟ್ಟು ಆಮೇಲೆ ಚುಚ್ಚಿ. ತೇವದ ಮೇಲೆ ಕರೆಂಟ್ ಹರಿದರೆ ಒಳಗಿನ ಪಿನ್ನುಗಳು ಹಸಿರುಗಟ್ಟಿ ತಿಂದುಹೋಗುತ್ತವೆ.

ಸಿಲಿಕಾ ಜೆಲ್‌ನ ಕಾಳುಗಳ ಬಣ್ಣ ಬದಲಾದರೆ ತೇವ ತುಂಬಿದೆ ಅಂತ. ಎಸೆಯಬೇಡಿ. ಅಡುಗೆಗೆ ಬಳಸದ ಒಂದು ಹಳೆ ಬಾಣಲೆಗೆ ಸುರಿದು, ಸಣ್ಣ ಉರಿಯಲ್ಲಿ ಮೊದಲಿನ ಬಣ್ಣ ಬರುವ ತನಕ ಬಿಸಿ ಮಾಡಿ. ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ. ಒಲೆಯ ಮೇಲೆ ಹೋಗಬೇಕಾದ್ದು ಆ ಕಾಳುಗಳು, ರೀಡರ್ ಅಲ್ಲ. ಪರೀಕ್ಷೆ ಮಾಡಿದ ಮೇಲೆ ರಾತ್ರಿ ಎಷ್ಟು ಇಳಿಯಿತು, ಎರಡು ಗಂಟೆಯಲ್ಲಿ ಎಷ್ಟು ಇಳಿಯಿತು, ಈ ಎರಡು ಅಂಕಿ ಬರೆದು ಕಳಿಸಿ. ನೋಡಿ ಹೇಳುತ್ತೇನೆ.